ನೊಣ ಮುತ್ತಿದ ಪೆಟ್ಟಿಗೆ

ನಾಲ್ಕು ಜನರನ್ನು ಇಟ್ಟುಕೊಂಡು ಉದ್ಯೋಗ ನಡೆಸುವವನು ಯಾರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮೂಡಲಗಿ ಕಡೆಯ, ಸಣ್ಣಾಟ ಎಂಬ ಬಯಲಾಟದ ಒಬ್ಬ ಹಾಸ್ಯಗಾರನ ಹತ್ತಿರ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ನಾನು ಬೆಳಗಾವಿಗೆ ಹೋಗಿ ಎರಡು ವರ್ಷ ವಾಣಿಜ್ಯ ಓದಿ ಬಂದವನು, ದಪ್ಪ ದಪ್ಪ ಪುಸ್ತಕಗಳನ್ನು ಬಾಯಿಪಾಠ ಮಾಡಿದವನು. ಆ ಪುಸ್ತಕಗಳಲ್ಲಿ ಒಂದರಲ್ಲಿಯೂ ಸೀತಾಫಲದ ಬಗ್ಗೆ ಬರೆದಿರಲಿಲ್ಲ. ನನ್ನ ಮಾನ ಹೋದದ್ದು ಸೀತಾಫಲದಿಂದ.

ನಮ್ಮದು ಹುಕ್ಕೇರಿಯ ಕಿರಾಣಿ ಅಂಗಡಿಯ ಮನೆತನ. ಹೆಣ್ಣು ಕೊಟ್ಟ ಮಾವನದು ಗೋಕಾಕದಲ್ಲಿ ಬಣ್ಣದ ಹಣ್ಣು ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಹೊಗೆ ಕೊಳವೆ ಇರುವಂಥದ್ದಲ್ಲ, ಒಂದು ಉದ್ದನೆಯ ಪಡಸಾಲೆ. ಅದರಲ್ಲಿ ಹನ್ನೊಂದು ಜನ ನೆಲದ ಮೇಲೆ ಕೂತು ಕಟ್ಟಿಗೆಯ ಹೊಟ್ಟನ್ನು ಹುಣಸೆ ಬೀಜದ ಅಂಟಿನಲ್ಲಿ ನಾದಿ ಪೇರಲ, ಬಾಳೆ, ಮೋಸಂಬಿ, ಬದನೆ, ಸೀತಾಫಲ ಮಾಡುತ್ತಿದ್ದರು. ಒಣಗಿದ ಮೇಲೆ ಬಿಳಿ ಮಣ್ಣು, ಅದರ ಮೇಲೆ ಬಣ್ಣ, ಕೊನೆಗೆ ವಾರ್ನಿಷ್. ಶ್ರೀಮಂತರ ಮನೆಯ ಷೋಕೇಸುಗಳಲ್ಲಿ ಬುಟ್ಟಿ ತುಂಬ ಇಟ್ಟಿರುತ್ತಾರಲ್ಲ, ಅವು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ನಾವಿನ್ನೂ ಮುಂಬಯಿ ಪ್ರಾಂತದಲ್ಲಿದ್ದೆವು, ಮಾಲು ಸಂಕೇಶ್ವರದ ಒಬ್ಬ ವ್ಯಾಪಾರಿಯ ಮೂಲಕ ಕೊಲ್ಹಾಪುರಕ್ಕೆ ಹೋಗುತ್ತಿತ್ತು.

ಆ ವರ್ಷ ಆಷಾಢದಲ್ಲಿ ಮಾವ ಅಟ್ಟದ ಮೆಟ್ಟಿಲಿನಿಂದ ಜಾರಿ ತೊಡೆಯ ಎಲುಬು ಮುರಿದುಕೊಂಡರು. ಕಾರ್ಖಾನೆಯ ಕೀಲಿಕೈ ನನ್ನ ಕೈಗೆ ಬಂತು. ಮಾವನ ತಮ್ಮ ಬೆಲ್ಲದ ಬಾಗೇವಾಡಿಯಿಂದ ಕಾಲು ನೋಡಲು ಬಂದವರು ಕಾಲನ್ನು ನೋಡಿದ್ದು ಕಡಿಮೆ, ಪಡಸಾಲೆಯನ್ನು ಹೆಜ್ಜೆಯಲ್ಲಿ ಅಳೆದದ್ದು ಹೆಚ್ಚು. ಅವರಿಗೆ ಬೆಲ್ಲದ ಪೆಂಟೆ ಇಡಲು ಜಾಗ ಬೇಕಿತ್ತು. ಮಾವ ಹಾಸಿಗೆಯಲ್ಲಿ ಮಲಗಿಕೊಂಡೇ ತೀರ್ಪು ಕೊಟ್ಟರು. "ಈ ದೀಪಾವಳಿ ಮಾಲ ಸಂಕೇಶ್ವರಕ್ಕ ಸುರಳೀತ ಮುಟ್ಟಿದ್ರ ಇಲ್ಲಿ ಹಣ್ಣ ಇರತಾವ. ಇಲ್ಲಂದ್ರ ಬೆಲ್ಲ ಇರತೈತಿ." ಹನ್ನೊಂದು ಮನೆಯ ಒಲೆ ಆ ಮಾತಿನ ಮೇಲೆ ನಿಂತಿತ್ತು. ಆ ಮಾತು ಹನ್ನೊಂದು ಜನರಿಗೂ ಗೊತ್ತಿತ್ತು.

ಈಗ ನನ್ನ ಬಗ್ಗೆ ಹೇಳಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಿನಲ್ಲೇ ಬೆತ್ತ ಹಿಡಿದೆ. ಯಾರನ್ನೂ ಹೊಡೆಯಲಿಲ್ಲ, ತೋರಿಸಲು ಮಾತ್ರ. ಬೆರಳು ತೋರಿಸಿದರೆ ಮಾಲಕನಿಗೂ ಕೂಲಿಯವನಿಗೂ ಏನು ವ್ಯತ್ಯಾಸ ಎಂಬುದು ನನ್ನ ವಿಚಾರ. ಬಂದ ಮೊದಲ ವಾರದಲ್ಲೇ ಗೋಡೆಗೆ ಒಂದು ಹಲಗೆ ಹಾಕಿಸಿ ನಿಯಮ ಬರೆಸಿದೆ. ಮೊದಲನೆಯದು, ಕೇಳದೆ ಮಾತಾಡಬಾರದು. ಎರಡನೆಯದು, ಕೆಲಸದ ಹೊತ್ತಿನಲ್ಲಿ ನಗಬಾರದು. ಉಳಿದವು ಈಗ ನೆನಪಿಲ್ಲ, ಬಹುಶಃ ಉಸಿರಾಟದ ಬಗ್ಗೆ ಇದ್ದವು.

ಇನ್ನೊಂದು ಕೆಲಸ ಮಾಡಿದೆ. ಅದೇ ಎಲ್ಲದಕ್ಕೂ ಮೂಲ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬಣ್ಣ ಹಾಕುವವರು ಪಕ್ಕದಲ್ಲಿ ಸಂತೆಯಿಂದ ತಂದ ಖರೇ ಹಣ್ಣು ಇಟ್ಟುಕೊಂಡು ಅದನ್ನು ನೋಡಿ ಬಣ್ಣ ಹಾಕುತ್ತಿದ್ದರು. ಸಂಜೆ ಎರಡನ್ನೂ ಬೆರೆಸಿ ಹಲಗೆಯ ಮೇಲೆ ಸಾಲಾಗಿ ಇಡುವರು. ಮಾವ ಹೊಸ್ತಿಲಲ್ಲಿ ನಿಂತು, ಅಲ್ಲಿಂದಲೇ, ಖರೇ ಹಣ್ಣು ಯಾವುದೆಂದು ಹೇಳಬೇಕು. ಅವರು ತಪ್ಪು ಹೇಳಿದರೆ ಮಾಲು ಪಾಸು. ಸರಿ ಹೇಳಿದರೆ ಆ ಸಾಲು ಮತ್ತೆ ಬಣ್ಣಕ್ಕೆ. ಮಾವ ದಿನಾ ತಪ್ಪು ಹೇಳುತ್ತಿದ್ದರು, ಹನ್ನೊಂದು ಜನ ಹೋ ಎಂದು ನಗುತ್ತಿದ್ದರು, ಮಾವ ಹಣೆ ಚಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ನಾನು ಒಂದೇ ಒಂದು ಸಂಜೆ ಹೊಸ್ತಿಲಲ್ಲಿ ನಿಂತೆ. ಮೋಸಂಬಿ ಎಂದು ಹೊಟ್ಟಿನ ಉಂಡೆ ತೋರಿಸಿದೆ. ಅವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಮಾಲಕನಾದವನು ದಿನಾ ಸಂಜೆ ಕೆಲಸದವರ ಮುಂದೆ ಸೋಲುವುದು ಯಾವ ಪುಸ್ತಕದಲ್ಲಿದೆ? ಮರುದಿನವೇ ಪದ್ಧತಿ ಬಂದ್ ಮಾಡಿದೆ. ಖರೇ ಹಣ್ಣೆಲ್ಲ ಮೂಲೆಯ ಒಂದು ಹಲಗೆಯ ಮೇಲೆ ಇರಬೇಕು, ಬೇಕಾದವರು ಎದ್ದು ಹೋಗಿ ನೋಡಿ ಬರಬೇಕು ಎಂದು ಹುಕುಂ ಮಾಡಿದೆ.

ಹಾಸ್ಯಗಾರ ಆ ಹನ್ನೊಂದು ಜನರಲ್ಲಿ ಒಬ್ಬ. ಐವತ್ತು ದಾಟಿದವನು, ಎಲುಬಿನ ಮೇಲೆ ತೊಗಲು, ಹುಬ್ಬು ಮಾತ್ರ ಪೊದೆ. ಅವನ ಮೇಳ ಮುರಿದುಹೋಗಿತ್ತು. ರಾಜನ ಪಾತ್ರದವನು ಹಿಟ್ಟಿನ ಗಿರಣಿ ಹಾಕಿದ್ದ, ರಾಣಿಯ ಪಾತ್ರದವನು ಮೀಸೆ ಬಿಟ್ಟು ಎಮ್ಮೆ ವ್ಯಾಪಾರಕ್ಕೆ ಇಳಿದಿದ್ದ. ರಾಣಿಯ ಗಲ್ಲಕ್ಕೆ ಬಣ್ಣ ಬಳಿಯುತ್ತಿದ್ದ ಕೈ ಎಂದು ಮಾವ ಇವನನ್ನು ಎರಡು ವರ್ಷದ ಹಿಂದೆ ಕರೆತಂದು ಪೇರಲಕ್ಕೆ ಕೆಂಪು ಬಳಿಯಲು ಕೂಡಿಸಿದ್ದರು.

ಅವನಿಗೆ 'ಇಲ್ಲ' ಎನ್ನಲು ಬರುತ್ತಿರಲಿಲ್ಲ. ಏನು ಹೇಳಿದರೂ ಹೌದು ಎನ್ನುತ್ತಿದ್ದ, ಅಷ್ಟಕ್ಕೇ ಸುಮ್ಮನಿರುತ್ತಿರಲಿಲ್ಲ, ಅದಕ್ಕೆ ಒಂದು ಬಾಲ ಹಚ್ಚುತ್ತಿದ್ದ. ಇಲ್ಲಿ ನಗಬಾರದು ಎಂದು ನಾನು ಗದರಿದರೆ, "ಹೌದ್ರಿ ಮಾಲಕ್ರ, ಬಣ್ಣ ಹಸಿ ಇರತೈತಿ. ನಗಿ ಹೋಗಿ ಅಂಟಕೊಂತಂದ್ರ ಬಿಡಸಾಕ ಬರೂದಿಲ್ಲ. ಹೋದ ವರ್ಷ ಒಂದ ಬದನಿಕಾಯಿ ಹಂಗ ಹಲ್ಲ ಕಿಸಕೊಂಡ ಕೊಲ್ಹಾಪುರಕ್ಕ ಹೋತು," ಎನ್ನುವನು. ಉಳಿದ ಹತ್ತು ಜನ ನೆಲ ನೋಡುವರು, ಅವರ ಹೆಗಲು ಅಲ್ಲಾಡುವವು. ಇದಕ್ಕೆ ಏನು ಶಿಕ್ಷೆ ಕೊಡುವುದು? ಅವನು ಎದುರು ಮಾತಾಡಿರಲಿಲ್ಲ. ನನ್ನ ಮಾತನ್ನು ಒಪ್ಪಿಕೊಂಡಿದ್ದ.

ಒಂದು ದಿನ ಸಿಟ್ಟು ತಡೆಯದೆ, ನಿನಗೆ ನೆಟ್ಟಗೆ 'ಇಲ್ಲ' ಅನ್ನಾಕ ಬರೂದಿಲ್ಲೇನು ಎಂದು ಕೇಳಿಯೇಬಿಟ್ಟೆ. ಕೇಳಿದ್ದಕ್ಕೆ ಮಾತಾಡಬಹುದೆಂದು ನಿಯಮವೇ ಇತ್ತಲ್ಲ, ಅವನು ಕುಂಚ ಕೆಳಗಿಟ್ಟು ಕಥೆ ಹೇಳಿದ.

"ತುಕ್ಕಾನಟ್ಟ್ಯಾಗ ಆಟ ನಡದಿತ್ರಿ. ರಾಜನ ದರಬಾರ. ಅಷ್ಟರಾಗ ಒಂದ ಎಮ್ಮಿಕರ ಹಗ್ಗ ಹರಕೊಂಡ ಆಟದ ಅಟ್ಟದ ಮ್ಯಾಲ ಬಂದ ನಿಂತಿತು. ರಾಜ ತನ್ನ ಪಾತ್ರ ಮರತ, 'ಏ ಯಾರದ್ಲೇ ಇದು, ಹೊಡೀರಿ' ಅಂದ. ಅಂದ ಕೂಡ್ಲೇ ಅವ ರಾಜ ಉಳೀಲಿಲ್ರಿ, ಬರೇ ಕಿರೀಟ ಇಟ್ಟಕೊಂಡ ಒಬ್ಬ ಮನಶ್ಯಾ ಆದ. ಮಂದಿ ಏಳಾಕ ಹತ್ತಿದ್ರು. ನಾ ಓಡಿ ಹೋಗಿ ಎಮ್ಮಿಕರಕ್ಕ ಉದ್ದಕ ಅಡ್ಡ ಬಿದ್ದೆ. ಬಾಜೂ ದೇಶದ ರಾಯಭಾರಿಗಳು ಬರ್ರಿ, ದಾರ್‍ಯಾಗ ಮೇವು ನೀರು ಆತಿಲ್ಲೋ ಅಂದೆ. ಮಂದಿ ಕುಂತ್ರು. ಎಮ್ಮಿಕರದ ಮಾಲಕ ಹಗ್ಗ ತಗೊಂಡ ಮ್ಯಾಲ ಹತ್ತಿದ. ರಾಯಭಾರಿಗಳ ಮಂತ್ರಿಗಳು ಬಂದ್ರು ಅಂತ ಅವಗೂ ಒಂದ ಮಣೀ ಹಾಕಿದೆ. ಪಾಪ, ಕುಂತ ಬಿಟ್ಟ. ಎರಡ ತಾಸ ಕುಂತಿದ್ರಿ."

"ಅದಕ್ಕೂ ಇದಕ್ಕೂ ಏನ ಸಂಬಂಧ?" ಎಂದೆ.

"ಬಂದದ್ದನ್ನ ಇಲ್ಲ ಅಂದ್ರ ಆಟ ಅಲ್ಲೇ ಸಾಯತೈತ್ರಿ ಮಾಲಕ್ರ. ಹೌದ ಅಂದ್ರ ಮುಂದಿನ ದಾರಿ ಕಾಣತೈತಿ. ನಾ ಒಂದ ಮಾತ ಒಗದ ಸುಮ್ಮನಾದೆ ಅಂದ್ರ ಎದುರಿನಾಂವ ಅದನ್ನ ನೆಲಕ್ಕ ಬೀಳಗೊಡಬಾರದು. ಬಿತ್ತಂದ್ರ ಇಬ್ರೂ ಕೆಟ್ಟಂಗ."

ನಾನು ಅವನಿಗೆ ಕಾರ್ಖಾನೆಗೂ ಬಯಲಾಟಕ್ಕೂ ವ್ಯತ್ಯಾಸವಿದೆ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಅವನು ಅದಕ್ಕೂ ಹೌದು ಎಂದ.

ದಸರೆ ಮುಗಿದು ದೀಪಾವಳಿ ಮೂರು ವಾರ ಇದೆ ಎನ್ನುವಾಗ ಮಾಲು ತಯಾರಾಯಿತು. ನಾಲ್ಕು ದೊಡ್ಡ ಪೆಟ್ಟಿಗೆ, ಒಳಗೆ ಭತ್ತದ ಹುಲ್ಲು. ಕೆಲಸದವರನ್ನು ನಂಬಿ ಕೂತರೆ ಆಗದು, ಕಟ್ಟುವುದು ನನ್ನ ಕಣ್ಣ ಮುಂದೆಯೇ ಆಗಬೇಕೆಂದು ಪಡಸಾಲೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತೆ. ಬೆತ್ತದಿಂದ ಹಲಗೆ ತೋರಿಸುವುದು, ಅವರು ಆ ಹಲಗೆಯ ಹಣ್ಣು ತೆಗೆದು ಹುಲ್ಲಿನಲ್ಲಿಡುವುದು. ಒಂದು, ಎರಡು, ಮೂರು ಪೆಟ್ಟಿಗೆ ತುಂಬಿದವು. ಯಾರೂ ಪಿಟಕ್ಕೆನ್ನಲಿಲ್ಲ. ಕಾರ್ಖಾನೆ ಎಂದರೆ ಹೀಗಿರಬೇಕು ಎಂದು ನನಗೆ ತುಂಬ ಸಂತೋಷವಾಯಿತು.

ನಾಲ್ಕನೆಯ ಪೆಟ್ಟಿಗೆಗೆ ನಾನು ಮೂಲೆಯ ಹಲಗೆ ತೋರಿಸಿದೆ.

ಆ ಹಲಗೆಯ ಮೇಲಿದ್ದದ್ದು ಮಾದರಿಗೆಂದು ಸಂತೆಯಿಂದ ತಂದಿದ್ದ ಖರೇ ಹಣ್ಣು. ದೊಡ್ಡ ಆರ್ಡರು ಎಂದು ಆ ವಾರ ಬುಟ್ಟಿಗಟ್ಟಲೆ ತರಿಸಿದ್ದೆವು. ಅಲ್ಲಿಡಬೇಕೆಂದು ಹುಕುಂ ಮಾಡಿದವನು ನಾನೇ, ಮರೆತವನೂ ನಾನೇ. ಹಾಸ್ಯಗಾರ ಎದ್ದು ನಿಂತು, "ಮಾಲಕ್ರ, ಆ ಹಲಗೀದು..." ಎಂದ. ನಾನು ಗೋಡೆಯ ಮೇಲಿನ ಮೊದಲನೆಯ ನಿಯಮದ ಕಡೆಗೆ ಬೆತ್ತ ಎತ್ತಿದೆ. ಅವನು ಬಾಯಿ ಮುಚ್ಚಿದ. ಅಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳಲ್ಲಿ ಒಮ್ಮೆಯೂ ಯಾರನ್ನೂ ಹೊಗಳದ ನನಗೆ ಅವತ್ತು ಏನು ಬುದ್ಧಿ ಬಂತೋ, ಆ ಹಲಗೆಯ ಒಂದು ಸೀತಾಫಲವನ್ನು ಬೆತ್ತದ ತುದಿಯಿಂದ ಮುಟ್ಟಿ, "ನೋಡ್ರಿ, ಉಳಿದದ್ದೆಲ್ಲಾ ಒಂದು, ಇದ ಒಂದು. ಕೆಲಸ ಅಂದ್ರ ಹಿಂಗ ಇರಬೇಕು," ಎಂದುಬಿಟ್ಟೆ.

"ಹೌದ್ರಿ," ಎಂದ ಹಾಸ್ಯಗಾರ. "ಇದನ್ನ ಮಾಡಿದಾಂವನ ಕೈ ದೊಡ್ಡದೈತಿ."

ವಾರ್ನಿಷ್ ಹಚ್ಚುವ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊಗಳಿಕೆಗೆ ಸಂಕೋಚ ಪಟ್ಟುಕೊಂಡಳೆಂದು ತಿಳಿದೆ. ಅವರು ಒಂದೊಂದಾಗಿ ಖರೇ ಸೀತಾಫಲ, ಖರೇ ಪೇರಲ, ಖರೇ ಬಾಳೆಹಣ್ಣು ಎತ್ತಿ ಹುಲ್ಲಿನಲ್ಲಿ ಮಲಗಿಸಿದರು. ಮುಚ್ಚಳಕ್ಕೆ ಮೊಳೆ ಬಿತ್ತು. ಪೆಟ್ಟಿಗೆ ಸಂಕೇಶ್ವರದ ಬಸ್ಸಿನ ತಲೆಯ ಮೇಲೆ ಹತ್ತಿ ಹೋದವು.

ನಾಲ್ಕನೆಯ ದಿನ ವ್ಯಾಪಾರಿಯ ಕಾಗದ ಬಂತು. ಮೂರು ಪೆಟ್ಟಿಗೆಯ ಮಾಲು ಉತ್ತಮವಾಗಿದೆ, ನಾಲ್ಕನೆಯ ಪೆಟ್ಟಿಗೆಗೆ ಮಾತ್ರ ನೊಣ ಮುತ್ತುತ್ತಿವೆ, ಕಾರಣ ತಿಳಿಸಬೇಕು ಎಂದು ಬರೆದಿದ್ದರು. ನಾನು ಎದೆಯುಬ್ಬಿಸಿ ಉತ್ತರ ಬರೆದೆ. ನಮ್ಮ ಬಣ್ಣಕ್ಕೆ ಮನುಷ್ಯರಷ್ಟೇ ಅಲ್ಲ, ನೊಣಗಳೂ ಮೋಸಹೋಗುತ್ತವೆ, ಆದ್ದರಿಂದ ಇದನ್ನು ದೋಷವೆಂದು ಭಾವಿಸದೆ ಪ್ರಶಸ್ತಿಪತ್ರವೆಂದು ಭಾವಿಸಬೇಕು ಎಂದೆ. ಎರಡು ದಿನ ಬಿಟ್ಟು ಇನ್ನೊಂದು ಕಾಗದ. ಹಣ್ಣು ಮೆತ್ತಗಾಗುತ್ತಿವೆ. ಹಿರಣ್ಯಕೇಶಿಯ ದಂಡೆಯ ಹವೆಗೆ ತೇವ ಹೆಚ್ಚು, ಮಾಲನ್ನು ಬಿಸಿಲಿಗಿಡಿ ಎಂದು ಬರೆದೆ. ಅವರು ಬಿಸಿಲಿಗಿಟ್ಟರು. ಮೂರನೆಯ ಕಾಗದದಲ್ಲಿ ವಾಸನೆಯ ವಿಷಯ ಬಂತು. ಹೊಸ ತರಹದ ವಾರ್ನಿಷ್ ಎಂದೆ.

ನನಗೆ ಸಂಶಯ ಬರಲಿಲ್ಲವೇ ಎಂದು ಕೇಳಬಹುದು. ಎರಡನೆಯ ಕಾಗದಕ್ಕೇ ಬಂದಿತ್ತು. ಮೂಲೆಯ ಹಲಗೆ ನೋಡಿದೆ, ಬರಿದಾಗಿತ್ತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ನಾನು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹಾಸಿಗೆಯಲ್ಲಿದ್ದ ಮಾವ ಮಾಲಿನ ಸುದ್ದಿ ಏನು ಎಂದು ಕೇಳಿದರೆ, ನೊಣಗಳೂ ಮೆಚ್ಚಿವೆ ಎಂದೆ. ಅವರು ಆ ಮಾತಿಗೆ ನಕ್ಕು ಮಗ್ಗಲು ಬದಲಿಸಲು ಹೋಗಿ ಕಾಲು ನೋಯಿಸಿಕೊಂಡರು.

ಒಂಬತ್ತನೆಯ ದಿನ ಮಧ್ಯಾಹ್ನ ವ್ಯಾಪಾರಿಯೇ ಬಂದರು. ಬಸ್ಸಿನ ತಲೆಯ ಮೇಲೆ ಪೆಟ್ಟಿಗೆ ಹಾಕಲು ಕಂಡಕ್ಟರ್ ಒಪ್ಪಿರಲಿಲ್ಲ, ವಾಸನೆಗೆ ಹೆದರಿದ್ದ. ಹಾಗಾಗಿ ಬಾಡಿಗೆ ಚಕ್ಕಡಿ ಮಾಡಿ ಹಿಂದಿನ ದಿನವೇ ಹೊರಟು, ನಡುವೆ ಹುಕ್ಕೇರಿಯಲ್ಲಿ ರಾತ್ರಿ ಕಳೆದು ಬಂದಿದ್ದರು. ಅಲ್ಲಿ ನಮ್ಮ ತಂದೆಯ ಅಂಗಡಿಯ ಮುಂದೆಯೇ ಚಕ್ಕಡಿ ನಿಲ್ಲಿಸಿ ನೀರು ಕೇಳಿದರಂತೆ, ತಂದೆ ವಾಸನೆ ತಡೆಯದೆ ಯಾವ ಹೇಸಿ ಮನುಷ್ಯ ಇದನ್ನು ಕಟ್ಟಿ ಕಳಿಸಿದ್ದು ಎಂದು ವಿಚಾರಿಸಿದರಂತೆ. ಇದು ನನಗೆ ಆಮೇಲೆ ತಿಳಿಯಿತು.

ಪೆಟ್ಟಿಗೆಯನ್ನು ಪಡಸಾಲೆಯ ನಡುವೆ ಇಳಿಸಿ ಮುಚ್ಚಳ ತೆಗೆದರು. ಅದರೊಳಗಿದ್ದದ್ದನ್ನು ವರ್ಣಿಸುವುದಿಲ್ಲ. ಸೀತಾಫಲದ ಕಪ್ಪು ಬೀಜಗಳು ಮಾತ್ರ ತೊಳೆದಿಟ್ಟ ಹಾಗೆ ಮಿಂಚುತ್ತಿದ್ದವು.

"ನೊಣ ಮೋಸ ಹೋಗ್ಯಾವಂತ ಬರದಿದ್ರಿ," ಎಂದರು ವ್ಯಾಪಾರಿ. ಸಿಟ್ಟಿಗೆ ಅವರ ಧ್ವನಿ ಸಣ್ಣಗಾಗಿತ್ತು. "ನಾ ನಿಮ್ಮ ಕಾಗದ ಅಂಗಡಿ ಮುಂದ ಅಂಟಿಸಿದೆ. ಪೆಟಗಿ ತಗದ ಇಟ್ಟೆ. ಪ್ಯಾಟಿ ಮಂದಿ ಎಲ್ಲಾ ಬಂದು ನೊಣಕ್ಕ ನಕ್ಕರು. ಈಗ ನನಗ ನಗಾಕತ್ತಾರ. ಇದನ್ನ ಯಾರ ಕಟ್ಟಿದ್ದು?"

ನಾನು ಹಿಂದೆ ಮುಂದೆ ನೋಡಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬೆತ್ತ ಎತ್ತಿ ಹಾಸ್ಯಗಾರನನ್ನು ತೋರಿಸಿದೆ. "ಇಂವ."

ಎಲ್ಲರೂ ಅವನ ಕಡೆ ನೋಡಿದರು. ಅವನು ಇಲ್ಲ ಎನ್ನುತ್ತಾನೆ, ಜಗಳವಾಗುತ್ತದೆ, ಗದ್ದಲದಲ್ಲಿ ನಾನು ಪಾರಾಗುತ್ತೇನೆ ಎಂದು ಎಣಿಸಿದ್ದೆ. ಅವನಿಗೆ ಇಲ್ಲ ಎನ್ನಲು ಬರುವುದಿಲ್ಲ ಎಂಬುದನ್ನೇ ಮರೆತಿದ್ದೆ.

"ಹೌದ್ರಿ ಸಾವಕಾರ್ರ," ಎಂದ. "ಹುಲ್ಲಿನ್ಯಾಗ ಇಟ್ಟಾಂವ ನಾನ."

ಬಾಲ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವನು ಪೊದೆ ಹುಬ್ಬು ಎತ್ತಿ ನನ್ನನ್ನು ನೋಡಿದ. ಅದು ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಮಾತು ಒಗೆದು ಸುಮ್ಮನಾಗಿದ್ದ. ಹತ್ತು ಜನ ಕುಂಚ ಹಿಡಿದುಕೊಂಡು, ವ್ಯಾಪಾರಿ ಮೂಗು ಹಿಡಿದುಕೊಂಡು ನಿಂತಿದ್ದರು. ಚಕ್ಕಡಿಯ ಎತ್ತು ಬಾಗಿಲಲ್ಲಿ ಮುಖ ಹಾಕಿ ಒಳಗೆ ನೋಡುತ್ತಿತ್ತು. ವಾಣಿಜ್ಯದ ಪುಸ್ತಕಗಳೆಲ್ಲ ತಲೆಯಿಂದ ಹಾರಿಹೋದವು.

"ಹೌದು," ಎಂದೆ. "ಇಟ್ಟಾಂವ ಇಂವ. ಇಡು ಅಂದಾಂವ ನಾ. ಖರೇ ಹಣ್ಣು ಯಾವದು, ಸುಳ್ಳ ಹಣ್ಣು ಯಾವದು ನನಗ ತಿಳೀಲಿಲ್ರಿ. ಇದ ಎಲ್ಲಾಕಿಂತ ಚಲೋ ಆಗೈತಿ ಅಂತ ಹೊಗಳಿ ಕಟ್ಟಸಿದೆ."

ವ್ಯಾಪಾರಿ ಮೂಗಿನ ಮೇಲಿನ ಕೈ ತೆಗೆದರು. "ಹೊಗಳಿದ್ರಿ?"

"ಹೌದ್ರಿ. ಮೂರ ತಿಂಗಳದಾಗ ನಾ ಹೊಗಳಿದ್ದು ಅದೊಂದ."

"ಹೌದ್ರಿ, ಅದಕ್ಕ ಅದು ಉಬ್ಬಿ ಒಡದ ಹೋತು," ಎಂದ ಹಾಸ್ಯಗಾರ ಮೆಲ್ಲಗೆ.

ಮೊದಲು ನಕ್ಕವರು ವ್ಯಾಪಾರಿಯೇ. ನಗು ಬಂದ ಕೂಡಲೇ ವಾಸನೆ ಒಳಕ್ಕೆ ಹೋಗಿ ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ಮುದುಕಿ ನೀರು ತಂದುಕೊಟ್ಟಳು. ನೀರು ಕುಡಿದು, ಪೆಟ್ಟಿಗೆಯಿಂದ ದೂರ ಕಂಬಕ್ಕೆ ಒರಗಿ ಕೂತು, ಅವರೂ ಒಂದು ಹೌದು ಹೇಳಿದರು. "ಖರೆ ಹೇಳಬೇಕಂದ್ರ ನನಗೂ ಆರ ದಿನ ತಿಳೀಲಿಲ್ಲ. ಖರೇ ಹಣ್ಣು, ಸುಳ್ಳ ಹಣ್ಣು ಎರಡೂ ಬಾಜೂ ಬಾಜೂಕ ಇಟ್ಟಿದ್ದೆ. ನೊಣ ನೋಡಾಕ ಬಂದ ಮಂದಿ ಮೂರ ಪೆಟಗಿ ಮಾಲ ಖಾಲಿ ಮಾಡ್ಯಾರ. ಕೊಲ್ಹಾಪುರಕ್ಕ ಕಳಸಾಕ ಒಂದೂ ಉಳದಿಲ್ಲ. ಹಬ್ಬಕ್ಕ ಹನ್ನೆರಡ ದಿನ ಐತಿ. ನಾಕೂ ಪೆಟಗಿ ತುಂಬಿ ಕಳಸ್ರಿ. ಕಟ್ಟುವಾಗ ಮಾತ್ರ ನೀವ ಮನ್ಯಾಗಿರ್ರಿ."

ಕಾರ್ಖಾನೆ ಉಳಿಯಿತು. ಬೆಲ್ಲದ ಪೆಂಟೆ ಬೇರೆ ಜಾಗ ಹುಡುಕಿಕೊಂಡವು. ನಾನು ಅಲ್ಲಿ ಮುಂದೆ ಹತ್ತು ವರ್ಷ ಕೆಲಸ ಮಾಡಿದೆ, ಹಾಸ್ಯಗಾರನ ಬಾಲಗಳಿಗೆ ನಕ್ಕೆ, ನನಗೂ ಒಂದೆರಡು ಬಾಲ ಹಚ್ಚಲು ಬಂದವು. ಆದರೆ ಇದನ್ನು ಬರೆಯಲು ಕೂತದ್ದು ಅದಕ್ಕಲ್ಲ. ವ್ಯಾಪಾರಿಯ ಚಕ್ಕಡಿ ಹೊರಟುಹೋದ ಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಕೇಳಬಾರದಿತ್ತೋ, ಇನ್ನೂ ಮೊದಲೇ ಕೇಳಬೇಕಿತ್ತೋ, ಇವತ್ತಿಗೂ ಗೊತ್ತಾಗಿಲ್ಲ.

ಮುದುಕಿ ಪೆಟ್ಟಿಗೆ ಇಟ್ಟಿದ್ದ ಜಾಗವನ್ನು ಸೆಗಣಿ ಹಾಕಿ ಸಾರಿಸುತ್ತಿದ್ದಳು. ನಾನು ಅವಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕೇಳಿದೆ, "ಆಯಿ, ನೀವೆಲ್ಲಾ ಹನ್ನೊಂದ ಮಂದಿ ನೋಡಿದ್ರಿ. ಆ ಪೆಟಗಿ ಹೋತಂದ್ರ ನಿಮ್ಮ ಅನ್ನಾನೂ ಹೋಗತೈತಿ ಅಂತ ಗೊತ್ತಿತ್ತು. ಒಬ್ಬರರ ಒದರಬಾರದಾ?"

ಅವಳು ಸಾರಿಸುವ ಕೈ ನಿಲ್ಲಿಸಲಿಲ್ಲ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು.

"ಗೊತ್ತಿತ್ರಿ. ಪೆಟಗಿ ಕಟ್ಟಿದ ದಿನಾನ ಮನಿಗಿ ಹೋಗಿ ಸೊಸಿಗಿ ಹೇಳಿದ್ನಿ, ಇನ್ನ ಕಾರಖಾನಿ ಮುಗೀತು, ಮುಂದಿನ ತಿಂಗಳಿಂದ ಕಬ್ಬ ಕಡ್ಯಾಕ ಹೋಗೂಣು, ಕುಡಗೋಲ ಮಸದ ಇಡು ಅಂತ."

"ಅಷ್ಟ ಮಾಡೂದಕಿಂತ ನನಗೊಂದ ಮಾತ ಹೇಳಿದ್ರ ಆಗತಿತ್ತಲ್ಲ?"

"ನಿಮಗ ಹೇಳೂದಕಿಂತ ಕಬ್ಬ ಕಡಿಯೂದ ಹಗುರ ಅನಿಸಿತ್ರಿ."

ಅವಳಿಗೆ ಆಗ ಅರವತ್ತು ದಾಟಿತ್ತು. ನಾನು ಎದ್ದು ಹೊರಗೆ ಹೋಗಿ, ಬಾವಿಯ ಕಟ್ಟೆಯ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಅತ್ತೆ.